ಒದ್ದೆ ಬಟ್ಟೆ ಸುತ್ತಿದ ಅಡಾಪ್ಟರ್

ಮೇ ತಿಂಗಳ ಮಧ್ಯಾಹ್ನ ಚಾರ್ಜಿಂಗಿಗೆ ಹಾಕಿದ ಮೊಬೈಲು ಕಾದರೆ ಬಿಸಿ ಪ್ಲಾಸ್ಟಿಕ್ಕಿನ ಒಂದು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರಬೇಕು. ನನ್ನ ಮೊಮ್ಮಗಳು ಝೋಯಾ ಆ ಮೊಬೈಲನ್ನು ನನ್ನ ಮೂಗಿಗೇ ಹಿಡಿದು ಗೇಮ್ ಆಡುತ್ತಾಳೆ. ಏಳು ವರ್ಷದ ಹುಡುಗಿ, ಆಟಕ್ಕೆ ಜೊತೆಯೆಂದು ನನ್ನನ್ನೇ ಆರಿಸಿಕೊಂಡಿದ್ದಾಳೆ! ಈ ಸಂತೋಷವನ್ನು ಎಲ್ಲಿಡಲಿ ಎಂದು ತಿಳಿಯದೆ ಬಿಲ್ಡಿಂಗಿನವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

"ದಾದಿಮಾ, ಆಪ್ ದಬಾವೋ, ಬಟನ್ ಒತ್ರಿ! ಈಗ ಓಡ್ರಿ, ಓಡ್ರಿ! ಅರೇ, ಗೋಡೆಗೆ ಯಾಕೆ ಹೊಡೀತೀರಿ?"

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಗೋಡೆ ಕಂಡರೆ ಹೋಗಿ ಹೊಡೆಯುವುದಷ್ಟೇ ಗೊತ್ತು.

ಆದರೆ ಆ ವಾಸನೆ ಬಂದಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತದೆ.

ಝೋಯಾಳ ಅಪ್ಪ, ನನ್ನ ಮಗ ಇರ್ಫಾನ್, ಹತ್ತು ವರ್ಷದವನಿದ್ದಾಗ ನಾವು ಜೋಗೇಶ್ವರಿಯ ಚಾಳಿನ ಒಂದು ಕೋಣೆಯಲ್ಲಿದ್ದೆವು. ರಜೆ ಬಂತೆಂದರೆ ಅರ್ಧ ಚಾಳು ಊರಿಗೆ ಹೋಗುತ್ತಿತ್ತು. ನಮ್ಮವರು ಟೇಲರು, ಮದುವೆ ಸೀಸನ್ನಿನಲ್ಲಿ ಮಷೀನು ಬಿಟ್ಟು ಏಳುವಂತಿರಲಿಲ್ಲ. ಊರಿಗೆ ಹೋಗಲಾಗದ್ದಕ್ಕೆ ಸಮಾಧಾನವೆಂದು ಮಗನಿಗೆ ಟಿವಿಗೆ ಜೋಡಿಸುವ ವಿಡಿಯೋ ಗೇಮ್ ತಂದುಕೊಟ್ಟರು. ಒಂದೇ ಖೋಲಿ, ಎಂಟು-ಹತ್ತು ಮಕ್ಕಳು, ಎರಡು ರಿಮೋಟು. ಔಟಾದವರು ರಿಮೋಟು ಬಿಡಬೇಕು, ಅದೇ ಕಾನೂನು. ರೊಟ್ಟಿ ಬಡಿಯುತ್ತಿದ್ದ ನನಗೂ ಸರದಿಯಿತ್ತು.

"ಅಮ್ಮಿ, ನಿನ್ನ ನಂಬರ್ ಬಂತು. ಲಗೂನ ಔಟ್ ಆಗು, ರೊಟ್ಟಿ ಸೀಯಾಕತ್ತೈತಿ!" ಎಂದು ಇರ್ಫಾನ್ ಕಿಚಾಯಿಸುತ್ತಿದ್ದ. ಹಿಟ್ಟಿನ ಕೈಯಲ್ಲೇ ಆಡುತ್ತಿದ್ದೆ.

ಒಂದು ದಿನ ಗೇಮಿನ ಅಡಾಪ್ಟರ್ ಕೆಂಡದ ಹಾಗೆ ಕಾದಿತ್ತು. ಬೇಸಿಗೆಯಲ್ಲಿ ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತೇವಲ್ಲ, ಇದಕ್ಕೂ ತಂಪಾಗಲಿ ಎಂದು, ಮಕ್ಕಳು ಐಸ್ ಗೋಲಾ ತಿನ್ನಲು ಓಡಿದಾಗ ಸುತ್ತಿಬಿಟ್ಟೆ. ಠಪ್ ಎಂದಿತು. ಗೇಮು ಮತ್ತೆ ಏಳಲಿಲ್ಲ. ಹೆದರಿ ಬಟ್ಟೆ ಬಚ್ಚಿಟ್ಟೆ.

ಸಂಜೆ ನಮ್ಮವರು, "ಬಂದ್ ಮಾಡಲಾರದ ಆಡಿ ಸುಟ್ಟಿ ಏನಲೇ?" ಎಂದು ಇರ್ಫಾನನ ಕೆನ್ನೆಗೆ ಬಾರಿಸಿದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವನ ಮುಖ ನೋಡುವ ಧೈರ್ಯವೂ ಬರಲಿಲ್ಲ.

ಮುಂದಿನ ಬೇಸಿಗೆಗೆ ಅವನು ಮಾರ್ಕೆಟ್ಟಿನ ಗೇಮ್ ಪಾರ್ಲರಿಗೆ ಹೋಗತೊಡಗಿದ. ಕಾಲೇಜಿಗೆ ಬಂದಾಗ ಸೈಬರ್ ಕೆಫೆಗೆ. ಮನೆಯಿಂದ ದೂರ ದೂರ. ಈಗ ಮನೆಯಲ್ಲೇ ಕೂತು ಆಡುತ್ತಾನೆ, ಇನ್ನೂ ದೂರ. ರಜೆ ಹಾಕಿದ ದಿನವೂ ಕಿವಿಯಲ್ಲಿ ಇಯರ್‌ಫೋನ್, ಮುಖ ಕಾಣದ ನಾಲ್ವರ ಜೊತೆ ಮೊಬೈಲಿನಲ್ಲಿ ಯುದ್ಧ. ನಮ್ಮವರು ತೀರಿಕೊಂಡು ಮೂರು ವರ್ಷವಾಯಿತು.

ನಿನ್ನೆ ಝೋಯಾ ಅಪ್ಪನ ಮೊಬೈಲಿಗೆ ಕೈ ಚಾಚಿ, "ಅಬ್ಬಾ, ಏಕ್ ಬಾರ್ ಮುಝೆ ದೋ ನಾ," ಎಂದಳು.

"ಲೈವ್ ಐತಿ ಬೇಟಾ, ನಡುವ ಬಿಡಾಕ ಆಗಂಗಿಲ್ಲ," ಎಂದ.

ಮಗುವಿನ ಮುಖ ಅಂದು ಏಟು ತಿಂದ ಇರ್ಫಾನನ ಮುಖದಂತೆಯೇ ಬಾಡಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. "ಇರ್ಫಾನ್, ಆವತ್ತು ಗೇಮ್ ಸುಟ್ಟಾಕಿ ನಾನಪ್ಪಾ. ಒದ್ದಿ ಬಟ್ಟಿ ಸುತ್ತಿದ್ದೆ. ನಿನಗ ಏಟು ಬಿದ್ರೂ ಸುಮ್ಮನಿದ್ದೆ."

ಅವನು ಇಯರ್‌ಫೋನ್ ತೆಗೆದ. "ಅದಕ್ಕ ಆಮ್ಯಾಗ ನೀ ನನ್ನ ಮಾರಿ ನೋಡ್ತಿರಲಿಲ್ಲೇನು? ನಾ ಸುಟ್ಟೀನಂತ ಸಿಟ್ಟಾಗೀ ಅಂತ ತಿಳಕೊಂಡಿದ್ದೆ, ಅಮ್ಮಿ. ಮನ್ಯಾಗ ಕೂಡಾಕ ಮನಸ ಆಗ್ತಿರಲಿಲ್ಲ."

ಮೊಬೈಲಿನಲ್ಲಿ ಯಾರೋ ಕೂಗಿದರು. ಇಯರ್‌ಫೋನ್ ಮತ್ತೆ ಕಿವಿಗೆ ಹೋಯಿತು.

ಅವನಿಗೆ ಬಿದ್ದದ್ದು ಅಪ್ಪನ ಆ ಒಂದೇ ಏಟು ಎಂದುಕೊಂಡು, ಅದಕ್ಕಾಗಿಯೇ ಇಷ್ಟು ವರ್ಷ ಕೊರಗುತ್ತಿದ್ದೆ. ಇನ್ನೊಂದು ನನ್ನದು, ದಿನವೂ ಬಿದ್ದದ್ದು.

ಇಂದು ಬೆಳಿಗ್ಗೆ ಅವನು ಡ್ಯೂಟಿಗೆ ಹೊರಟಾಗ ಬಾಗಿಲಲ್ಲಿ ನಿಂತು ಮುಖವನ್ನೇ ನೋಡಿದೆ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ. ಯಾವಾಗ ಆಯಿತೋ!

"ಏನಾತು, ಅಮ್ಮಿ?"

"ಏನಿಲ್ಲ," ಎಂದೆ. ನೋಡುತ್ತಲೇ ನಿಂತೆ.