ರಾಜನ ಹಂಸ, ಸಿರಿಲನ ಸಂಜೆ

ಥೇಮ್ಸ್ ನದಿಯ ನಮ್ಮ ಕಡೆ, ಲಂಡನ್ನಿನ ಎರಡು ಹಳೆಯ ವರ್ತಕರ ಸಂಘಗಳು ಕಾಲಿಗೆ ಬಳೆ ತೊಡಿಸಿದ ಹಂಸಗಳನ್ನು ಬಿಟ್ಟರೆ ಉಳಿದವೆಲ್ಲ ರಾಜನ ಸ್ವತ್ತು. ಒಂದು ಕಾಲದಲ್ಲಿ ಅರಮನೆಯ ಹಬ್ಬದೂಟಕ್ಕೆ ಬೇಯಿಸುತ್ತಿದ್ದರಂತೆ. ಈಗ ಪುಣ್ಯಕ್ಕೆ ಎಣಿಸಿ ಬಿಡುತ್ತಾರೆ. ಪ್ರತಿ ಜುಲೈನಲ್ಲಿ ರಾಜನ ಕಡೆಯವರು ಕೆಂಪಂಗಿ ತೊಟ್ಟು, ಸಂಘದವರ ಜೊತೆ ದೋಣಿಗೆ ಹುಟ್ಟು ಹಾಕುತ್ತಾ ಬರುತ್ತಾರೆ. ಹಂಸ ಕಂಡ ಕೂಡಲೇ 'ಆಲ್ ಅಪ್!' ಎಂದು ಕೂಗಿ ಸುತ್ತುಗಟ್ಟುತ್ತಾರೆ. ಹಾಲು ನೀರು ಬೇರೆ ಮಾಡುವ ಹಂಸ ಎಂದು ಕೇಳಿಕೊಂಡು ಬೆಳೆದವಳು ನಾನು. ನದಿ ದಡದ ಈ ಹರ್ಲಿ ಊರಿಗೆ ಬಂದ ಮೊದಲ ವರ್ಷವೇ ಅದು ಕಚ್ಚಿತು.

ಪಕ್ಕದ ಮನೆಯ ಸಿರಿಲ್ ಪಾಸ್ಕ್ ಆ ದೋಣಿಗಳನ್ನು ರಿಪೇರಿ ಮಾಡಿಯೇ ಮುದುಕನಾದವನು. ಹೆಂಡತಿ ಎನಿಡ್ ಇದ್ದಾಗ, ಹಿತ್ತಲ ಹಿನ್ನೀರಿಗೆ ಬರುವ ಜೋಡಿ ಹಂಸಗಳಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅವಕ್ಕೆ ಲೆಟ್ಟಿಸ್ ಸೊಪ್ಪು ಹಾಕುತ್ತಿದ್ದವಳು ಅವಳು. ಹೋದ ಚಳಿಗಾಲದಲ್ಲಿ ಅವಳು ತೀರಿಹೋದಳು. ವಸಂತದಲ್ಲಿ ಯಾರದೋ ನಾಯಿ ಹೆಣ್ಣು ಹಂಸವನ್ನು ಕೊಂದಿತು. ಆಮೇಲೆ ಸಿರಿಲ್ ಪಬ್ಬಿಗೆ ಹೋಗುವುದನ್ನೇ ಬಿಟ್ಟ. ಸಂಜೆಯಾದರೆ ತನ್ನ ತಟ್ಟೆ, ಒಂದು ಬಟ್ಟಲು ಲೆಟ್ಟಿಸ್ ಹಿಡಿದು ಮೆಟ್ಟಿಲಿಗೆ ಬರುತ್ತಿದ್ದ. ಉಳಿದ ಗಂಡು ಹಂಸ ಕೆಳಗೆ, ಇವನು ಮೇಲೆ. ಇಡೀ ದಿನದಲ್ಲಿ ಅವನು ಬಾಯಿ ಬಿಡುತ್ತಿದ್ದದ್ದು ಅದರ ಹತ್ತಿರ ಮಾತ್ರ. ನನಗೆ ಬೇಲಿಯಾಚೆಯಿಂದ ಅದು ಕೇಳಿಸುತ್ತಿತ್ತು.

ಈ ಜುಲೈನಲ್ಲಿ ಹಂಸ ತಿನ್ನುವುದನ್ನು ನಿಲ್ಲಿಸಿತು. ಯಾರೋ ಬಿಸಾಡಿದ ಗಾಳದ ದಾರ ಕೊಕ್ಕಿನಿಂದ ನೇತಾಡುತ್ತಿತ್ತು.

"ಹಂಸದ ಆಸ್ಪತ್ರೆಯವ್ರಿಗೆ ಫೋನ್ ಮಾಡು ಸಿರಿಲ್," ಅಂದೆ.

"ಮಾಡಿದ್ರೆ ತಗೊಂಡ್ ಹೋಗ್ತಾರೆ. ವಾಸಿಯಾದ್ಮೇಲೆ ಯಾವ ಕೆರೆಗೆ ಬಿಡ್ತಾರೋ ಯಾರಿಗೆ ಗೊತ್ತು? ಜೋಡಿ ಇಲ್ಲದ್ದನ್ನ ಇಲ್ಲಿಗೇ ತಂದು ಬಿಡ್ತಾರಾ?"

"ಇಲ್ಲೇ ಸತ್ರೆ?"

"ನಿನ್ ಕೆಲ್ಸ ನೋಡ್ಕೋ ಹೋಗಮ್ಮ."

ನನಗೂ ಸಿಟ್ಟು ಬಂತು. ದೋಣಿಯವರು ನಾಳೆ ಬರುತ್ತಾರೆ, ಅವರ ಜೊತೆ ಹಂಸಗಳ ಶುಶ್ರೂಷೆ ಮಾಡುವ ಹೆಸ್ಟರ್ ಇರುತ್ತಾಳೆ, ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಬಾಗಿಲು ಹಾಕಿಕೊಂಡೆ.

ಮರುದಿನ ಇಬ್ಬರೂ ದಡದಲ್ಲಿ ನಿಂತಿದ್ದೆವು. ನಮ್ಮ ಹಿನ್ನೀರು ವಿಲ್ಲೋ ಮರಗಳ ಹಿಂದೆ ಅಡಗಿದೆ, ಹೊಳೆಯಿಂದ ಕಾಣುವುದಿಲ್ಲ. ಅದಕ್ಕೇ ದೋಣಿಯವರು ಪ್ರತಿ ವರ್ಷ ಸಿರಿಲನನ್ನು ಕೇಳಿಯೇ ಮುಂದೆ ಹೋಗುತ್ತಿದ್ದರು.

"ಏನಪ್ಪಾ ಸಿರಿಲ್, ಒಳಗಡೆ ಏನಾದ್ರೂ ಇದ್ಯಾ?" ಕೆಂಪಂಗಿಯವನೊಬ್ಬ ಕೂಗಿದ.

"ಏನೂ ಇಲ್ಲ," ಅಂದ ಸಿರಿಲ್.

ನಾನು ಬಾಯಿ ತೆರೆದೆ. ಅವನು ನನ್ನ ತೋಳು ಹಿಡಿದುಕೊಂಡ. ಹುಟ್ಟುಗಳು ಮತ್ತೆ ನೀರಿಗಿಳಿದವು, ದೋಣಿಗಳು ನಮ್ಮನ್ನು ದಾಟಿದವು. ಆಗ ಸಿರಿಲ್ ಕೈ ಬಿಟ್ಟು, ಕತ್ತಿನ ನರ ಉಬ್ಬುವಂತೆ ಕೂಗಿದ.

"ಆಲ್ ಅಪ್!"

"ಏ ಮುದುಕಾ, ಅದು ನಮ್ ಕೂಗು ಕಣೋ! ನಮ್ ಕೆಲ್ಸಾನೂ ಕಿತ್ಕೋತೀಯಾ?" ಎಂದು ನಗುತ್ತಲೇ ಅವರು ದೋಣಿ ತಿರುಗಿಸಿದರು.

ಸಿರಿಲ್ ತೋರಿಸಿದ ಹಿನ್ನೀರಿನಲ್ಲಿ ಹಂಸ ಜಗಳಾಡಲೂ ಇಲ್ಲ. ಎತ್ತಿ, ಕಾಲಿಗೆ ಬಟ್ಟೆ ಕಟ್ಟಿ, ದಡಕ್ಕೆ ತಂದರು. ಹೆಸ್ಟರ್ ಅದರ ಗಂಟಲು ಸವರಿ ನೋಡಿದಳು. "ಗಾಳದ ಕೊಕ್ಕೆ ಒಳಗಿದೆ. ಬದುಕುತ್ತೆ, ಆದ್ರೆ ಈಗ್ಲೇ ತಗೊಂಡ್ ಹೋಗ್ಬೇಕು. ಯಾರ್ದಿದು?" ಎಂದು ಕಾಲು ನೋಡಿದಳು. ಬಳೆ ಇರಲಿಲ್ಲ.

"ರಾಜಂದು," ಅಂದ ಸಿರಿಲ್. "ವಾಪಸ್ ಇಲ್ಲಿಗೆ ಬರುತ್ತಾ?"

"ಸುಳ್ಳು ಹೇಳಲ್ಲ ಸಿರಿಲ್. ಅಲ್ಲಿ ಬೇರೆ ಹಂಸಗಳ ಜೊತೆ ಹೊಂದ್ಕೊಂಡ್ರೆ ಅಲ್ಲೇ ಇರುತ್ತೆ."

ಅವನು ತಲೆಯಾಡಿಸಿದ. "ಹಾಗಾದ್ರೆ ಒಂದು ಮಾತು. ಲೆಟ್ಟಿಸ್ ಸಣ್ಣಗೆ ಹೆಚ್ಚಿ ಹಾಕಿ. ಹಾಕಿ ಎದ್ದು ಹೋಗ್ಬೇಡಿ. ಒಂಟಿ ಅದು, ಪಕ್ದಲ್ಲಿ ಯಾರಾದ್ರೂ ಕೂತ್ರೆ ಮಾತ್ರ ತಿನ್ನುತ್ತೆ."

ದೋಣಿಗಳು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅಲ್ಲೇ ನಿಂತಿದ್ದ.

ಸಂಜೆ ಬೇಲಿಯಾಚೆ ಸದ್ದಿರಲಿಲ್ಲ. ಇಣುಕಿದೆ. ಸಿರಿಲ್ ಮೆಟ್ಟಿಲ ಮೇಲೆ ಕೂತಿದ್ದ. ಬಟ್ಟಲಲ್ಲಿ ಸಣ್ಣಗೆ ಹೆಚ್ಚಿದ ಲೆಟ್ಟಿಸ್, ತಟ್ಟೆಯಲ್ಲಿ ಮುಟ್ಟದೆ ತಣ್ಣಗಾದ ಆಲೂಗೆಡ್ಡೆ. ನಾನು ಹೋಗಿ ಪಕ್ಕದಲ್ಲಿ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವನು ಫೋರ್ಕ್ ಕೈಗೆತ್ತಿಕೊಂಡು ಒಂದು ತುತ್ತು ತಿಂದ.