ಮೂರನೇ ಕಂಬದ ಪೆಟ್ಟಿಗೆ

ಕರ್ನಾಟಕ ಏಕೀಕರಣಕ್ಕೆ ಎರಡು ವರ್ಷ ಮುಂಚೆ, ನಮ್ಮ ಊರುಗಳಿನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ನಾನು ಬನಹಟ್ಟಿಯ ಒಂದು ಟೆಂಟ್ ಸಿನೆಮಾದಲ್ಲಿ ಸೌಂಡ್ ಮೆಕ್ಯಾನಿಕ್ ಆಗಿದ್ದೆ. ಪರದೆಯ ಹಿಂದೆ ಒಂದೇ ಒಂದು ದೊಡ್ಡ ಹಾರ್ನ್. ಮುಂದೆ ನೆಲದ ಮೇಲೆ ಕೂತವರ ಕಿವಿ ಗುಂಯ್‌ಗುಡುತ್ತಿತ್ತು. ಹಿಂದಿನ ಎಡಮೂಲೆಯಲ್ಲಿ, ಮರೆಗೆಂದು ಕಟ್ಟಿದ ಬಿದಿರಿನ ತಟ್ಟಿಯಾಚೆ ಕೂತ ಹೆಂಗಸರಿಗೆ ಮಾತು ಮುಟ್ಟುವಷ್ಟರಲ್ಲಿ ಟೆಂಟಿನ ಬಟ್ಟೆಯೇ ಅರ್ಧ ನುಂಗಿರುತ್ತಿತ್ತು.

ಅಮಾವಾಸ್ಯೆಯಂದು ಮಗ್ಗಗಳಿಗೆ ರಜೆ. ನೇಕಾರರು ಮನೆಮಂದಿಯನ್ನೆಲ್ಲ ಕರೆತರುತ್ತಿದ್ದರು. ತಮಾಷೆಯ ಮಾತಿಗೆ ಗಂಡಸರು ಬಿದ್ದು ಬಿದ್ದು ನಗುವರು, ತಟ್ಟಿಯಾಚೆಯಿಂದ ‘ಏನಂದಾ? ಏನಂದಾ?’ ಎಂಬ ಗುಸುಗುಸು. ಯಾರಾದರೂ ಬಿಡಿಸಿ ಹೇಳಿದ ಮೇಲೆ ಅವರ ನಗೆ. ಹೀಗಾದರೆ ಯಾರು ಬರುತ್ತಾರೆ? ಆ ಕಡೆ ಖಾಲಿಯಾಗತೊಡಗಿತು.

ಮಾಲೀಕರು ನನ್ನನ್ನು ಕರೆದು ಖಡಾಖಂಡಿತ ಹೇಳಿದರು: “ಬರೂ ಅಮಾಸಿಗೂ ಹಿಂಗ ಆದ್ರ ತಟ್ಟಿ ಕಿತ್ತು ಗಂಡಸರನ್ನ ಕುಂದ್ರಸತೇನಿ. ಹೆಣ್ಮಕ್ಕಳಿಗಿ ಸಿನೆಮಾನ ಬ್ಯಾಡ.”

ತಟ್ಟಿ ಹೋದರೆ ಹೆಂಗಸರ ಬಾಗಿಲು ಕಾಯುವ ಗೌರವ್ವನ ಕೆಲಸವೂ ಹೋಗುತ್ತಿತ್ತು. ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದ ವಿಧವೆ ಆಕೆ. ನನಗೆ ಹಟ ಹತ್ತಿತು. ದನಿ ಒಂದೇ ಬಾಯಿಂದ ಬಂದರೆ ಎಲ್ಲರಿಗೂ ಸಾಲದು, ಸುತ್ತಲಿಂದ ಬರಬೇಕು ಎಂದು ನಾಲ್ಕು ಸ್ಪೀಕರ್‌ಗಳಿಗೆ ಪೆಟ್ಟಿಗೆ ಮಾಡಿಸಿ ಟೆಂಟಿನ ನಾಲ್ಕು ಕಂಬಗಳಿಗೆ ಕಟ್ಟಿದೆ. ಪಾಸಿಟಿವ್ ತಂತಿ ಯಾವುದೆಂದು ಗುರುತಿಗೆ ಕೆಂಪು ನೂಲು ಸುತ್ತಿದೆ; ಬನಹಟ್ಟಿಯಲ್ಲಿ ನೂಲಿಗೇನು ಬರ!

ಅಮಾವಾಸ್ಯೆಯ ಮಧ್ಯಾಹ್ನ ಪರೀಕ್ಷೆಗೆ ರೀಲು ಓಡಿಸಿದರೆ, ತಟ್ಟಿಯ ಹತ್ತಿರ ಮಾತು ಇನ್ನೂ ಪೊಳ್ಳು! ವಾಲ್ವ್ ಬದಲಿಸಿದೆ, ಆಂಪ್ಲಿಫೈಯರ್ ಬಿಚ್ಚಿದೆ, ಬಟ್ಟೆಯನ್ನು ಬೈದೆ. ಗೌರವ್ವ ಏನೋ ಹೇಳಬಂದರೆ, ಇದು ನಿನ್ನ ಮಗ್ಗವಲ್ಲ ಎಂದು ಗದರಿಸಿಬಿಟ್ಟೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಆಕೆ ಜಗ್ಗಲಿಲ್ಲ. “ಒಂದೊಂದರ ಮುಂದ ನಿಂತ್ರ ಛಲೋ ಕೇಳತೈತ್ರಿ. ಎರಡರ ನಡುವ ನಿಂತ್ರ ದನಿನ ಇಲ್ಲ. ಮೂರನೇ ಕಂಬದ್ದು ಉಳಿದವುಗಳ ಜೋಡಿ ಜಗಳಾಡಾಕತ್ತೇತ್ರಿ.”

ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುವಾಗ, ಅಡುಗೆಮನೆಯಲ್ಲಿ ಕೂತೇ ಯಾವುದು ತಾಳ ತಪ್ಪಿತೆಂದು ಹೇಳುತ್ತಿದ್ದ ಕಿವಿ ಅದು. ಪರೀಕ್ಷಿಸೋಣವೆಂದು ಆಕೆಯ ಕಣ್ಣು ಮುಚ್ಚಿಸಿ ಒಂದು ಪೆಟ್ಟಿಗೆಯ ತಂತಿ ಕಿತ್ತೆ. ಸತ್ತ ಪೆಟ್ಟಿಗೆಯತ್ತ ನೇರ ಬೆರಳು ತೋರಿದಳು.

ತೆಪ್ಪಗೆ ಏಣಿ ಹತ್ತಿದೆ. ಮೂರನೇ ಕಂಬದಲ್ಲಿ ಕೆಂಪು ನೂಲನ್ನು ನಾನೇ ತಪ್ಪು ತಂತಿಗೆ ಸುತ್ತಿದ್ದೆ. ಇದಕ್ಕೆ ನಾವು ಫೇಸ್ ಉಲ್ಟಾ ಎನ್ನುತ್ತೇವೆ: ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ನಡುವೆ ದನಿ ಸಾಯುತ್ತದೆ. ತಂತಿ ಅದಲುಬದಲು ಮಾಡಿದೆ. ಮಾತು ಟೆಂಟ್ ತುಂಬ ತುಂಬಿಕೊಂಡಿತು.

ಸಂಜೆ ಗೌರವ್ವ ಓಣಿ ಓಣಿ ತಿರುಗಿ ಹೆಂಗಸರನ್ನು ಕರೆತಂದಳು. ತಮಾಷೆಯ ದೃಶ್ಯ ಬಂತು. ನಾನು ತಟ್ಟಿಯತ್ತ ಕಿವಿಗೊಟ್ಟೆ. ತಟ್ಟಿಯಾಚೆ ನಗೆ ಸಿಡಿಯಿತು, ಗಂಡಸರ ನಗೆಯ ಜೊತೆಗೇ. ಈಚೆ ಬೀಡಿ ಹಚ್ಚುವ ಗಡಿಬಿಡಿಯಲ್ಲಿ ಮಾತು ತಪ್ಪಿಸಿಕೊಂಡ ಮಾಲೀಕರೇ ಪಕ್ಕದವನನ್ನು ಕೇಳಿದರು: “ಏನಂದಾ?”

ತಟ್ಟಿಯನ್ನು ಯಾರೂ ಕೀಳಲಿಲ್ಲ.

ಮುಂದೆ ಎಷ್ಟೋ ಥಿಯೇಟರುಗಳಿಗೆ ಸ್ಪೀಕರ್ ಕೂರಿಸಿದೆ. ಈಗಿನವರು ಗೋಡೆಗೆಷ್ಟು, ಛಾವಣಿಗೆಷ್ಟು ಎಂದು ಹೆಮ್ಮೆಯಿಂದ ಎಣಿಸಿ ತೋರಿಸುತ್ತಾರೆ. ಛಲೋ ಆಯಿತು ಎನ್ನುತ್ತೇನೆ. ಆಮೇಲೆ ಹಿಂದಿನ ಮೂಲೆಗೆ ಹೋಗಿ ಕೂತು, ಅಲ್ಲಿಯವರು ಯಾವಾಗ ನಗುತ್ತಾರೆಂದು ಕೇಳುತ್ತೇನೆ.