ಸರ್ಚ್ ಬಾಕ್ಸಿನಲ್ಲಿ ಸತ್ತ ಬೋರಣ್ಣ

ನನ್ನ ಭಾವ ತೀರಿಕೊಂಡ ಸುದ್ದಿ ನನಗೆ ಗೊತ್ತಾಗಿದ್ದು ಪಾಂಡವಪುರದ ಒಂದು ಬೀಗರೂಟದಲ್ಲಿ. ಎಲೆಗೆ ಆಗಷ್ಟೇ ಮುದ್ದೆ ಬಿದ್ದಿತ್ತು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಸಾರಿಗೆ ಬೆರಳದ್ದಿ ನೆಕ್ಕಿ, ಮುಖ ಕಿವುಚಿದರು. 'ಸಿಂಧಘಟ್ಟದ ಬೋರಣ್ಣ ಓದ್ಮ್ಯಾಲೆ ಈ ಕಡೆ ಬಾಡೂಟದ ರುಚಿನೇ ಓಯ್ತು ಬುಡಿ ಸಾ.'

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. 'ಹೋದ ಮೇಲೆ ಅಂದ್ರೆ? ಎಲ್ಲಿಗೆ ಹೋದ್ರು?'

'ಎಲ್ಲಿಗೋಗ್ತಾರೆ? ಮ್ಯಾಲಕ್ಕೇ. ನಿಮ್ಗೆ ಗೊತ್ತಿಲ್ವಾ?'

ಗೊತ್ತಿರಲಿಲ್ಲ. ಬೋರಣ್ಣ ನನ್ನ ಹೆಂಡತಿ ಸುಧಾಳ ಒಡಹುಟ್ಟಿದ ಅಣ್ಣ. ಆ ದಿನ ಬೆಳಗ್ಗೆ ತಾನೇ ಶ್ರೀರಂಗಪಟ್ಟಣದ ನಮ್ಮ ಮನೆಗೆ ಫೋನ್ ಮಾಡಿ, ತಂಗಿ ತವರಿನ ದಾರಿಯನ್ನೇ ಮರೆತಿದ್ದಾಳೆಂದು ಬೈದು, ನನಗೂ ಅದರಲ್ಲೊಂದು ಪಾಲು ಕೊಟ್ಟು ಫೋನ್ ಇಟ್ಟಿದ್ದರು. (ಸತ್ತವರು ಅಷ್ಟು ಜೋರಾಗಿ ಬೈಯುತ್ತಾರಾ?)

ನನ್ನ ಮುಖದಲ್ಲಿ ಅನುಮಾನ ಕಂಡು ಹಿರಿಯರು ಎಡಗೈಯಲ್ಲೇ ಮೊಬೈಲ್ ತೆಗೆದರು. ಸರ್ಚ್ ಬಾಕ್ಸಿನಲ್ಲಿ 'ಬಾಡೂಟದ ಬೋರಣ್ಣ' ಎಂದು ಟೈಪ್ ಮಾಡತೊಡಗಿದರು. ಮುಗಿಸುವ ಮೊದಲೇ ಕೆಳಗೆ ಸಾಲಾಗಿ ಬಂದುಬಿಟ್ಟವು. ಬಾಡೂಟದ ಬೋರಣ್ಣ ನಿಧನ. ಬಾಡೂಟದ ಬೋರಣ್ಣ ಸಾವಿಗೆ ಕಾರಣ. ಮೂರನೆಯದಾಗಿ, ಪಾಪ, ಬಾಡೂಟದ ಬೋರಣ್ಣ ಮಟನ್ ಸಾರು.

'ನೋಡಿ, ಅದೇ ಯೋಳ್ತಾ ಐತೆ' ಎಂದು ಫೋನನ್ನು ಜೇಬಿಗಿಟ್ಟು ಅವರು ಮುದ್ದೆ ಮುರಿದರು. ಅಲ್ಲಿಗೆ ಬೋರಣ್ಣನ ಕತೆ ಮುಗಿದಿತ್ತು.

ಬೋರಣ್ಣನನ್ನು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮದುವೆಯಾದ ಮೇಲೆ ಬೀಗರೂಟ ಹಾಕದಿದ್ದರೆ ನಮ್ಮ ಕಡೆ ಆ ಮದುವೆಯನ್ನು ಅರ್ಧ ಮದುವೆ ಅಂತಲೇ ಲೆಕ್ಕ. ಕೆ.ಆರ್. ಪೇಟೆ, ನಾಗಮಂಗಲದ ಸುತ್ತ ಆ ಊಟಕ್ಕೆ ಒಲೆ ಹೂಡುತ್ತಾ ಬಂದವರು ಬೋರಣ್ಣ. ಜೊತೆಗೆ 'ಬಾಡೂಟದ ಬೋರಣ್ಣ' ಎಂಬ ವಿಡಿಯೊ ಚಾನೆಲ್ ಬೇರೆ. ಹುರಿ ಮೀಸೆ, ಹೆಗಲಲ್ಲಿ ಟವಲ್ಲು, ಮುಂದೆ ಕುದಿಯುವ ಕೊಪ್ಪರಿಗೆ. ಆ ಮೀಸೆಗೇ ಅಭಿಮಾನಿಗಳಿದ್ದಾರೆ. ಹಾಗಿರುವ ಮನುಷ್ಯನನ್ನು ಕೊಂದದ್ದು ಯಾರು?

ಫ್ಲೆಕ್ಸು.

ಕೆಲವು ತಿಂಗಳ ಹಿಂದೆ ನಮ್ಮ ಅತ್ತೆ, ಅಂದರೆ ಬೋರಣ್ಣನ ಅವ್ವ, ತೀರಿಕೊಂಡರು. ನಮ್ಮಲ್ಲಿ ಸಾವಾದರೆ ಫ್ಲೆಕ್ಸ್ ಬೀಳಲೇಬೇಕು. ಅದರಲ್ಲಿ ತೀರಿಕೊಂಡವರ ಫೋಟೊ ಎಷ್ಟು ದೊಡ್ಡದಿರುತ್ತದೋ ದುಃಖತಪ್ತರದೂ ಅಷ್ಟೇ ದೊಡ್ಡದಿರುತ್ತದೆ. ಕೆಲವೊಮ್ಮೆ ಇನ್ನೂ ದೊಡ್ಡದೇ. ಬೋರಣ್ಣನ ಅಭಿಮಾನಿಗಳು ಪ್ರೀತಿಯಿಂದ ಮಾಡಿಸಿದರು. ಅತ್ತೆಯದು ಇದ್ದದ್ದು ಒಂದೇ ಫೋಟೊ, ಅದೂ ಮಸುಕು. ದೊಡ್ಡದು ಮಾಡಿದರೆ ಚೆನ್ನಾಗಿ ಕಾಣಲ್ಲ ಎಂದು ಅದನ್ನು ಮೂಲೆಗೆ ಹಾಕಿದರು. ಬೋರಣ್ಣನದು ಚಾನೆಲ್‌ನಿಂದ ತೆಗೆದ ಝಗಝಗ ಫೋಟೊ. ಅದನ್ನು ಆಳೆತ್ತರ ಮಾಡಿದರು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದರು.

ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಮೂಲೆ ಕಾಣುತ್ತದಾ? ಮೀಸೆ ಕಂಡಿತು, ಶ್ರದ್ಧಾಂಜಲಿ ಕಂಡಿತು. ಬಸ್ಸು ಪಾಂಡವಪುರ ದಾಟುವಷ್ಟರಲ್ಲಿ ಎಷ್ಟು ಜನ ಮೊಬೈಲ್ ತೆಗೆದು 'ಬೋರಣ್ಣ ಹೇಗೆ ಸತ್ತರು' ಎಂದು ಕೇಳಿದರೋ. ಇತ್ತ ಬೋರಣ್ಣ ಅವ್ವನ ಕಾರ್ಯಕ್ಕೆ ತಲೆ, ಮೀಸೆ ಎರಡನ್ನೂ ಬೋಳಿಸಿಕೊಂಡು, ವಿಡಿಯೊ ನಿಲ್ಲಿಸಿ ಮನೆಯಲ್ಲಿ ಕೂತಿದ್ದರು. ಆಮೇಲೆ ಸಂತೆಗೆ ಹೋದಾಗಲೂ ಮೀಸೆ ಇಲ್ಲದ ಬೋರಣ್ಣನನ್ನು ಯಾರೂ ಬೋರಣ್ಣ ಅಂದುಕೊಳ್ಳಲಿಲ್ಲ. ಸಾವು ಪಕ್ಕಾ ಆಯಿತು.

ಪಾಂಡವಪುರದಿಂದ ಮನೆಗೆ ಬಂದು ಹೇಳಿದಾಗ ಸುಧಾ ನಕ್ಕು ನಕ್ಕು ಸುಸ್ತಾದಳು. ಮಾರನೆಯ ಭಾನುವಾರ ಇಬ್ಬರೂ ಸಿಂಧಘಟ್ಟಕ್ಕೆ ಹೋದೆವು. ಬೋರಣ್ಣನೂ ನಕ್ಕರು.

'ಸಾಯ್ಲಿ ಬುಡಿ ಮೇಷ್ಟ್ರೇ. ಬದ್ಕಿದ್ದಾಗ ಯಾವ ನನ್ ಮಗ ಇಷ್ಟು ಒಗಳಿದ್ದ?' (ನಾನು ಕಾಲೇಜಿನಲ್ಲಿ ಪಾಠ ಹೇಳುವುದರಿಂದ ಅವರಿಗೆ ಮೇಷ್ಟ್ರು.)

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಜಯಕ್ಕ ನಗಲಿಲ್ಲ. 'ಅದ್ಕೇ ಅಲ್ವಾ ಲಗ್ನದ ಕಾಲ್ದಲ್ಲೂ ಫೋನೇ ಬತ್ತಿಲ್ಲ' ಅಂದರು.

ನಗು ಅಲ್ಲಿಗೇ ನಿಂತಿತು. ಬೋರಣ್ಣ ನನ್ನ ಕಡೆ ತಿರುಗಿ, 'ಸತ್ತಿದ್ದೀನಿ ಅಂತ ತಾನೇ ಯಾರೂ ಕರೀತಿಲ್ಲ? ಸಾರು ಕೆಟ್ಟೈತೆ ಅಂತ ಅಲ್ವಲ್ಲ?' ಎಂದು ಕೇಳಿದರು.

ನನಗೆ ಆಗ ಗೊತ್ತಾಯಿತು, ಈ ಮನುಷ್ಯ ಇಷ್ಟು ದಿನ ಏನು ನುಂಗಿಕೊಂಡು ಕೂತಿದ್ದರೆಂದು. ಬೋರಣ್ಣನ ಸಾರಿನ ಪುಡಿ ಹುರಿಯುತ್ತಿದ್ದದ್ದು ಅವ್ವ. ಕಣ್ಣು ಮಂಜಾದ ಮೇಲೂ ಬಾಣಲೆ ಪಕ್ಕ ಕೂತು, ವಾಸನೆಯಲ್ಲೇ 'ಸಾಕು ಕಣ್ಲಾ, ಇಳ್ಸು' ಎನ್ನುತ್ತಿದ್ದರಂತೆ. ಅವ್ವ ಹೋದ ಮೇಲೆ ಮೊದಲ ಸಲ ಬೋರಣ್ಣ ತಾವೇ ಹುರಿದರು. ಆ ಪುಡಿಯಲ್ಲಿ, ಮೊದಲೇ ಒಪ್ಪಿಕೊಂಡಿದ್ದ ಒಂದೋ ಎರಡೋ ಬೀಗರೂಟ ಮಾಡಿಕೊಟ್ಟರು. ಅಷ್ಟರಲ್ಲಿ ಫೋನ್ ನಿಂತಿತು. ಕೈರುಚಿ ಅವ್ವನ ಜೊತೆಗೇ ಹೋಯಿತು ಎಂದು ಅವರು ನಂಬಿಬಿಟ್ಟಿದ್ದರು. ಹೊಸ ಕೆಲಸ ಕೇಳಿಕೊಂಡು ಹೋಗಲೂ ಧೈರ್ಯವಿರಲಿಲ್ಲ. ಸತ್ತ ಸುದ್ದಿ ಅವರಿಗೆ ಒಂಥರಾ ಸಮಾಧಾನ ತಂದಿತ್ತು, ನೋಡಿ. ಆದರೆ ಸಾರು ಕೆಟ್ಟಿಲ್ಲ ಎಂದು ಹೇಳಲು ನಾನ್ಯಾರು? ಮನೆಯವನ ಮಾತನ್ನು ಯಾವ ಅಡುಗೆಯವನು ನಂಬುತ್ತಾನೆ?

ಮೈಸೂರಿನಲ್ಲಿ ನನ್ನ ಗೆಳೆಯನ ಸೊಸೆ ಶ್ವೇತಾ ಒಂದು ಕಂಪನಿ ನಡೆಸುತ್ತಾಳೆ. ಆನ್‌ಲೈನ್ ರೆಪ್ಯುಟೇಶನ್ ಮ್ಯಾನೇಜ್‌ಮೆಂಟ್ ಅಂತೆ. ಅಂದರೆ ಇಂಟರ್ನೆಟ್ಟಿನಲ್ಲಿ ಹೋದ ಮರ್ಯಾದೆಯನ್ನು ವಾಪಸ್ ಕರೆಸುವ ಕೆಲಸ. ಫೋನ್ ಮಾಡಿ ಎಲ್ಲ ಹೇಳಿದೆ.

'ಅಂಕಲ್, ಆ ಬಾಕ್ಸು ಸುದ್ದಿ ಹೇಳ್ತಿಲ್ಲ. ಜನ ಏನು ಕೇಳ್ತಿದ್ದಾರೆ ಅಂತ ತೋರಿಸ್ತಿದೆ, ಅಷ್ಟೆ' ಅಂದಳು. ಅದು ತಪ್ಪು ಅಂತ ರಿಪೋರ್ಟ್ ಹಾಕಿ, ಹೊಸ ವಿಡಿಯೊ ಬಿಡಿ, ಜನ ಬೇರೆ ಏನಾದರೂ ಹುಡುಕುವಂತೆ ಮಾಡಿ ಎಂದಳು. ಕೊನೆಗೆ ಗಟ್ಟಿಯಾಗಿ ಒಂದು ಮಾತು: 'ದಯವಿಟ್ಟು ಯಾರೂ ಅದನ್ನೇ ಟೈಪ್ ಮಾಡಿ ನೋಡಬೇಡಿ. ಹೋಯ್ತಾ ಅಂತ ಚೆಕ್ ಮಾಡೋಕೂ ಬೇಡ.'

ಈ ಕೊನೆಯದು ಸಿಂಧಘಟ್ಟದವರ ಕೈಲಿ ಆಗುವ ಕೆಲಸವಾ?

ಬೋರಣ್ಣನಿಗೆ ಹೀಗಾಗಿದೆ ಎಂದು ತಿಳಿದ ಮರುದಿನದಿಂದಲೇ ಇಡೀ ಊರು ಟೊಂಕ ಕಟ್ಟಿ ನಿಂತಿತು. ಬೆಳಗ್ಗೆ ಹಾಲಿನ ಡೈರಿಯಲ್ಲಿ ಕ್ಯಾನು ಕೆಳಗಿಟ್ಟವರೆಲ್ಲ ಮೊದಲು ಮೊಬೈಲ್ ತೆಗೆದರು.

'ಓಯ್ತಾ ನೋಡ್ಲಾ?'

'ಇಲ್ಲ ಕಣ್ಲಾ, ಇನ್ನೂ ನಿಧನ ಅಂತ್ಲೇ ಐತೆ.'

'ನನ್ ಫೋನಲ್ಲೂ ಐತೆ. ತಡಿ, ಒತ್ತಿ ನೋಡ್ತೀನಿ.'

ಸಂಜೆ ಹಾಲಿಗೆ ಬಂದಾಗ ಮತ್ತೊಮ್ಮೆ. ಪೇಟೆಯಲ್ಲಿರುವ ನೆಂಟರಿಗೂ ಹೇಳಿ ಅವರ ಫೋನಿನಲ್ಲೂ ನೋಡಿಸಿದರು. ಅಷ್ಟು ಜನರ ಪ್ರೀತಿ ಸೇರಿ 'ನಿಧನ' ಮೇಲಿನ ಸಾಲಿನಲ್ಲಿ ಭದ್ರವಾಗಿ ಕೂತಿತು. ಬೋರಣ್ಣ ಸುಮ್ಮನಿದ್ದರಾ? ಅರೆಬರೆ ಬೆಳೆದ ಮೀಸೆಯಲ್ಲೇ 'ಬಾಡೂಟದ ಬೋರಣ್ಣ ಸತ್ತಿಲ್ಲ' ಎಂಬ ಹೆಸರಿನಲ್ಲೊಂದು ವಿಡಿಯೊ ಬಿಟ್ಟರು. ಆ ಹೆಸರು ಕೇಳಿ ಶ್ವೇತಾ ಫೋನಿನಲ್ಲೇ ತಲೆ ಚಚ್ಚಿಕೊಂಡಳು.

ಆಗ ಡೈರಿಯಲ್ಲಿ ಒಬ್ಬರಿಗೆ ಐಡಿಯಾ ಹೊಳೆಯಿತು. ಸತ್ತರಾ ಅಂತ ಕೇಳಿದರೆ ತಾನೇ ಕಷ್ಟ? ಬದುಕಿದ್ದಾರಾ ಅಂತ ಕೇಳೋಣ! ಊರಿಗೆ ಊರೇ ಕೇಳಿತು. ವಾರ ಕಳೆಯುವುದರೊಳಗೆ ನಿಧನದ ಕೆಳಗೆ ಹೊಸದೊಂದು ಸಾಲು ಬಂತು. ಬಾಡೂಟದ ಬೋರಣ್ಣ ಬದುಕಿದ್ದಾರಾ. ಅದನ್ನು ನೋಡಿದವರಿಗೆ ಇದ್ದ ಚೂರು ನಂಬಿಕೆಯೂ ಹೋಯಿತು. ಬದುಕಿರುವವರ ಬಗ್ಗೆ ಯಾರಾದರೂ ಹಾಗೆ ಕೇಳುತ್ತಾರಾ?

ನನಗೆ ಕೋಪ ಬಂದದ್ದು ಯಂತ್ರದ ಮೇಲಲ್ಲ. ಹಿಂದೆ ನಮ್ಮ ಕಡೆ ಹೆಣ್ಣೋ ಗಂಡೋ ಒಪ್ಪುವ ಮೊದಲು ಆ ಊರಿಗೆ ಗುಟ್ಟಾಗಿ ಒಬ್ಬರನ್ನು ಕಳಿಸುತ್ತಿದ್ದರು. ಅವರು ಟೀ ಅಂಗಡಿಯಲ್ಲಿ ಕೂತು ಮೆಲ್ಲಗೆ ವಿಚಾರಿಸುತ್ತಿದ್ದರು. ಅಲ್ಲೂ ಸುಳ್ಳು ಹೇಳುವವರಿದ್ದರು, ಚಾಡಿ ಹೇಳುವವರಿದ್ದರು. ಆದರೆ ಹೇಳುವವನ ಮುಖ ಕಾಣುತ್ತಿತ್ತು. ಇವನಿಗೂ ಅವರಿಗೂ ಗದ್ದೆ ಬದುವಿನ ಜಗಳ ಇದೆ ಎಂದು ಪಕ್ಕದವನು ಕಣ್ಸನ್ನೆ ಮಾಡುತ್ತಿದ್ದ. ಈಗ ಊರೆಲ್ಲ ಕೇಳಿದ ಪ್ರಶ್ನೆಯೇ ನಮಗೆ ಉತ್ತರದ ಹಾಗೆ ಕಾಣುತ್ತದೆ. ಕೆಳಗೆ ಒತ್ತಿ ಓದುವ ತಾಳ್ಮೆಯಾದರೂ ಯಾರಿಗಿದೆ?

(ಕುತೂಹಲ ತಡೆಯದೆ ನನ್ನ ಹೆಸರನ್ನೂ ಟೈಪ್ ಮಾಡಿ ನೋಡಿದೆ. ಏನೂ ಬರಲಿಲ್ಲ. 'ನಿಮಗೆ ರೆಪ್ಯುಟೇಶನ್ನೇ ಇಲ್ಲ, ಮ್ಯಾನೇಜ್‌ಮೆಂಟ್ ಎಲ್ಲಿಂದ ಬರುತ್ತೆ?' ಅಂದಳು ಸುಧಾ.)

ಹೋದ ಭಾನುವಾರ ಮತ್ತೆ ಸಿಂಧಘಟ್ಟದಲ್ಲಿದ್ದೆವು. ಬೋರಣ್ಣ ಹಿತ್ತಿಲಲ್ಲಿ ಕೊಪ್ಪರಿಗೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಕೆಲಸ ಇರಲಿ ಬಿಡಲಿ, ಭಾನುವಾರ ಅದಕ್ಕೆ ಸ್ನಾನ. ನಾನು ಜಗಲಿಯಲ್ಲಿದ್ದೆ. ಬಿಳಿ ಪಂಚೆಯ ವೃದ್ಧರೊಬ್ಬರು ಬಾಗಿಲಿಗೆ ಬಂದು, ಚಪ್ಪಲಿ ದೂರ ಬಿಟ್ಟು, ಟವಲ್ಲು ಕಂಕುಳಿಗೆ ಹಾಕಿಕೊಂಡು ತಲೆ ತಗ್ಗಿಸಿ ನಿಂತರು. ಹೊಣಕೆರೆಯ ತಿಮ್ಮೇಗೌಡರು ಎಂದು ಆಮೇಲೆ ಗೊತ್ತಾಯಿತು. ಎರಡು ಬಸ್ಸು ಬದಲಿಸಿ ಬಂದಿದ್ದರು.

ಜಯಕ್ಕ ಹೊರಗೆ ಬಂದದ್ದೇ ಗೌಡರು ಕೈ ಮುಗಿದರು. 'ಎಂಗಾಯ್ತವ್ವಾ? ಯಾರೂ ಯೋಳ್ನೇ ಇಲ್ವಲ್ಲ ನಮ್ಗೆ.'

ಅತ್ತೆಯ ವಿಷಯ ಎಂದುಕೊಂಡ ಜಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. 'ವಯಸ್ಸಾಗಿತ್ತಲ್ಲಾ ಗೌಡ್ರೇ. ರಾತ್ರಿ ಮಲಿಕ್ಕಂಡೋರು ಬೆಳಗ್ಗೆ ಏಳ್ನೇ ಇಲ್ಲ.'

'ಅದೇನ್ ವಯಸ್ಸವ್ವಾ? ಇನ್ನೂ ಅಷ್ಟಪ್ಪ ಮೀಸೆ ಬುಟ್ಕಂಡಿದ್ರು!'

ಜಯಕ್ಕ ಕಕ್ಕಾಬಿಕ್ಕಿ. ಅಷ್ಟರಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು 'ಯಾರಮ್ಮೀ ಬಂದಿರೋದು?' ಎಂದು ಬೋರಣ್ಣ ನಡುಮನೆಯಿಂದ ಬಂದುಬಿಟ್ಟರು.

ತಿಮ್ಮೇಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಕಂಕುಳ ಟವಲ್ಲಿನಿಂದ ಬೋರಣ್ಣನ ಭುಜಕ್ಕೆ ಹೊಡೆದರು. 'ನಿನ್ ಮನೆ ಆಳಾಗ! ಸತ್ತೋದೆ ಅಂದ್ರಲ್ಲೋ! ಬಸ್ಸಲ್ಲಿ ಅತ್ಕಂಡ್ ಬಂದ್ನಲ್ಲೋ!' ಹೊಡೆಯುತ್ತಲೇ ಅಳುತ್ತಿದ್ದರು, ನಗುತ್ತಲೂ ಇದ್ದರು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಅವರ ಮಗಳ ಬೀಗರೂಟ ಮಾಡಿದ್ದು ಬೋರಣ್ಣ. ಮೊಮ್ಮಗನ ಮದುವೆ ಹತ್ತಿರ ಬಂದಿದೆ. ಅಡುಗೆಗೆ ಬೋರಣ್ಣ ಇಲ್ಲವಂತೆ ಎಂದು ಮಗ ಮೊಬೈಲ್ ತೋರಿಸಿದನಂತೆ. 'ಅನ್ನ ಆಕಿದ್ ಕೈ ಅದು. ಎಂಡ್ರು ಮಕ್ಳನ್ನ ಮಾತಾಡುಸ್ಬುಟ್ಟು ಬರ್ಬೇಕಲ್ವಾ ಅಂತ ಎದ್ ಬಂದೆ' ಅಂದರು. ನಿಜಕ್ಕೂ ಹೋದವರು ಯಾರೆಂದು ತಿಳಿದ ಮೇಲೆ ಅತ್ತೆಗಾಗಿ ಮತ್ತೆ ಹನಿಗಣ್ಣಾದರು. ಬಾಣಲೆ ಪಕ್ಕ ಕೂತಿದ್ದ ಮುದುಕಿ ಅವರಿಗೆ ಚೆನ್ನಾಗಿ ನೆನಪಿತ್ತು.

ಊಟಕ್ಕೆ ಕೂರಿಸಿದೆವು. ತಂಗಿ ಬಂದಿದ್ದಾಳೆಂದು ಮಟನ್ ತಂದಿದ್ದರು. ಬೋರಣ್ಣನೇ ಹುರಿದ ಪುಡಿಯ ಸಾರು. ತಾವೇ ಬಡಿಸಿ, ಒಳಗೆ ಹೋಗದೆ, ಕಂಬ ಹಿಡಿದು ನಿಂತರು. ಸುಧಾ ತನ್ನ ತುತ್ತನ್ನೂ ನಿಲ್ಲಿಸಿ ಗೌಡರ ಬಾಯನ್ನೇ ನೋಡುತ್ತಿದ್ದಳು.

ಗೌಡರು ಮುದ್ದೆ ಮುರಿದರು, ಅದ್ದಿದರು, ನುಂಗಿದರು. ಹೊಗಳಲಿಲ್ಲ. ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ. 'ಸಾರು ಬುಡಪ್ಪಾ' ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ 'ಬುಡು' ಅಂದರು. ಕೈ ತೊಳೆದವರೇ ಫೋನ್ ತೆಗೆದು ಮನೆಗೆ ಹಚ್ಚಿದರು. 'ಲೇ, ಅಡ್ಗೆಗೆ ಬ್ಯಾರೆ ಯಾರ್ಗೂ ಯೋಳ್ಬ್ಯಾಡ. ಬೋರಣ್ಣ ಬದ್ಕವ್ನೆ. ಊ ಕಣ್ಲಾ, ಅವ್ನೆ! ಕೈಯೂ ಅಂಗೇ ಐತೆ!'

ಬೋರಣ್ಣ ಹಿತ್ತಿಲಿಗೆ ಹೋದರು. ಕೊಪ್ಪರಿಗೆ ತಿಕ್ಕುವ ಸದ್ದು ತುಂಬ ಹೊತ್ತು ಬರಲಿಲ್ಲ. ಜಯಕ್ಕ ನೋಡಿ ಬರಲು ಎದ್ದರೆ ಸುಧಾ ಕೈ ಹಿಡಿದು ಕೂರಿಸಿದಳು.

ನಿಧನ ಇನ್ನೂ ಸರ್ಚ್ ಬಾಕ್ಸಿನಲ್ಲಿದೆ. ಇರಲಿ. ಗೌಡರು ಹೊಣಕೆರೆಯ ಸುತ್ತ ಇಷ್ಟು ಹೊತ್ತಿಗೆ ಎಷ್ಟು ಮನೆಗೆ ಹೇಳಿದ್ದಾರೋ, ನಿನ್ನೆಯಿಂದ ಅಲ್ಲೊಂದು ಇಲ್ಲೊಂದು ಕರೆ ಬರುತ್ತಿದೆಯಂತೆ. ಕರೆ ಮಾಡಿದವರೆಲ್ಲ ಮೊದಲು 'ನಿಜವಾಗ್ಲೂ ನೀವೇನಾ?' ಅಂತಲೇ ಕೇಳುತ್ತಾರಂತೆ, ಪಾಪ.

ಬೋರಣ್ಣ ಸತ್ತರಾ ಎಂದು ಅಷ್ಟೊಂದು ಜನ ಫೋನನ್ನು ಕೇಳಿದೆವಲ್ಲ, ಅದೇ ಫೋನಿನಲ್ಲಿ ಬೋರಣ್ಣನ ನಂಬರೂ ಇತ್ತು. ಒಂದು ಸಲ ಒತ್ತೋಕೆ ನಮಗೇನು ದಾಡಿ?